ಆಯಿಲ್ ಕಮ್ಮಿ ಮಾಡಿದ್ರೂ ಪ್ಲಗ್ ಕಪ್ಪಾಗೋದು ನಿಲ್ತಿಲ್ಲ, ಯಾಕೆ?

ಪ್ರಶ್ನೆ: ನನ್ನ ಹತ್ರ ಸೆಕೆಂಡ್ ಹ್ಯಾಂಡ್ 250 ಸಿಸಿ ಟೂ ಸ್ಟ್ರೋಕ್ ಡರ್ಟ್ ಬೈಕ್ ಇದೆ, 38 ಎಂಎಂ ಕೇಹಿನ್ ಪಿಡಬ್ಲ್ಯೂಕೆ ಕಾರ್ಬು (ಕಾರ್ಬುರೇಟರ್). ಚಳಿಗಾಲದಲ್ಲಿ ತಗೊಂಡಾಗ ಚೆನ್ನಾಗೇ ಓಡ್ತಿತ್ತು, ಈಗ ಬಿಸಿಲು ಏರಿದ ಮೇಲೆ ಹೋದಾಗೆಲ್ಲ ಒಂದು ಪ್ಲಗ್ ಹೋಗತ್ತೆ. ಸೈಲೆನ್ಸರ್ ತುದಿಯಿಂದ ಕಪ್ಪು ಜಿಡ್ಡು ಸುರಿಯತ್ತೆ. ಎಲ್ರೂ ಆಯಿಲ್ ಜಾಸ್ತಿ ಆಗಿದೆ ಅಂದ್ರು, ಅದಕ್ಕೆ ಪೆಟ್ರೋಲು ಆಯಿಲ್ ಮಿಕ್ಸು 32:1 ಇದ್ದಿದ್ದನ್ನ 50:1 ಮಾಡ್ದೆ. ಏನೂ ಸುಧಾರಿಸ್ಲಿಲ್ಲ, ಸ್ವಲ್ಪ ಜಾಸ್ತೀನೇ ಆದ ಹಾಗಿದೆ. ಹಾಟ್ ಪ್ಲಗ್ ಹಾಕ್ಲಾ, ಇರಿಡಿಯಂ ಹಾಕ್ಲಾ? ನಾನು ಓಡ್ಸೋದು ಹೆಚ್ಚಾಗಿ ಕಾಡು ದಾರೀಲಿ, ಒಂದು ಎರಡನೇ ಗೇರಲ್ಲಿ ನಿಧಾನಕ್ಕೆ.

ಉತ್ತರ: ಮೊದ್ಲು ಆಯಿಲ್ ವಾಪಸ್ 32:1ಕ್ಕೆ ತಗೊಂಡು ಬನ್ನಿ, ಮಿಕ್ಕಿದ್ದು ಆಮೇಲೆ ಮಾತಾಡೋಣ. ನಿಮ್ಮ ಪ್ಲಗ್ ಹಾಳು ಮಾಡ್ತಿರೋದು ಆಯಿಲ್ ಅಲ್ಲ, ಪೆಟ್ರೋಲು.

ಇದು ಕೇಳೋಕೆ ಉಲ್ಟಾ ಅನ್ಸತ್ತೆ, ಯಾಕಂದ್ರೆ ಪ್ಲಗ್ ಬಿಚ್ಚಿದ್ರೆ ಕೈಗೆ ಅಂಟೋದು ಜಿಡ್ಡು, ಸೈಲೆನ್ಸರಿಂದ ಸುರಿಯೋದೂ ಜಿಡ್ಡೇ, ಹಾಗಾಗಿ ಎಲ್ರ ಬೆರಳೂ ಆಯಿಲ್ ಕಡೆಗೇ ಹೋಗತ್ತೆ. ಆದ್ರೆ ಲೆಕ್ಕ ಹಾಕಿ ನೋಡಿ. 32:1 ಅಂದ್ರೆ ಲೀಟರ್ ಪೆಟ್ರೋಲಿಗೆ ಸುಮಾರು 31 ಎಂಎಲ್ ಆಯಿಲ್, 50:1 ಅಂದ್ರೆ 20 ಎಂಎಲ್. ಕಾರ್ಬಲ್ಲಿ ಪೆಟ್ರೋಲು ಅಳೆದು ಬಿಡೋ ಸಣ್ಣ ತೂತಿನ ಪಾರ್ಟು ಜೆಟ್ಟು, ಅದರ ತೂತಲ್ಲಿ ಹಾಯೋದು ಇವೆರಡೂ ಸೇರಿರೋ ಮಿಕ್ಸು, ಅದ್ರಲ್ಲಿ 32:1 ಇದ್ದಾಗ ಪೆಟ್ರೋಲಿನ ಪಾಲು ಶೇಕಡ 97, 50:1 ಮಾಡಿದಾಗ ಶೇಕಡ 98. ಅಂದ್ರೆ ಆಯಿಲ್ ಕಮ್ಮಿ ಮಾಡಿದಾಗ ಅದೇ ತೂತಲ್ಲಿ ಪೆಟ್ರೋಲು ಒಂದು ಪರ್ಸೆಂಟ್ ಜಾಸ್ತಿ ಹೋಗತ್ತೆ, ಮಿಕ್ಸ್ ಒಂಚೂರು ತೆಳು ಆಗೋದ್ರಿಂದ ಇನ್ನೂ ಸರಾಗವಾಗಿ ಹೋಗತ್ತೆ. ಮೊದ್ಲೇ ಪೆಟ್ರೋಲ್ ಜಾಸ್ತಿ ಆಗಿರೋ ಗಾಡಿ ಇನ್ನೊಂದು ಚೂರು ರಿಚ್ (ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಜಾಸ್ತಿ) ಆಯ್ತು. ನಿಮಗೆ 'ಜಾಸ್ತೀನೇ ಆದ ಹಾಗಿದೆ' ಅನ್ಸಿದ್ದಕ್ಕೆ ಇದೂ ಒಂದು ಚಿಕ್ಕ ಕಾರಣ ಇರಬಹುದು.

ಚಿಕ್ಕದು ಅಂತ ಯಾಕೆ ಹೇಳ್ದೆ ಅಂದ್ರೆ ದೊಡ್ಡ ಕಾರಣ ನಿಮ್ಮ ಪ್ರಶ್ನೇಲೇ ಇದೆ, ಚಳೀಲಿ ತಗೊಂಡಿದ್ದು ಈಗ ಬಿಸಿಲು ಅಂತ ಬರೆದಿದ್ದೀರಲ್ಲ ಅದು. 5 ಡಿಗ್ರಿ ಚಳೀಲಿ ಇರೋ ಗಾಳಿಗೂ 35 ಡಿಗ್ರಿ ಬಿಸಿಲಲ್ಲಿ ಇರೋ ಗಾಳಿಗೂ ಸಾಂದ್ರತೇಲಿ ಹತ್ತತ್ರ ಶೇಕಡ 10 ವ್ಯತ್ಯಾಸ ಇರತ್ತೆ. ಕಾರ್ಬಿಗೆ ತಲೆ ಇಲ್ಲ, ಸೆನ್ಸರ್ ಇಲ್ಲ, ಗಾಳಿ ತೆಳು ಆದಾಗ ಪೆಟ್ರೋಲ್ ಎಳೆಯೋ ಸೆಳೆತ ಸ್ವಲ್ಪ ಕಮ್ಮಿ ಆಗತ್ತೆ ನಿಜ, ಆದ್ರೆ ಅದು ಅರ್ಧದಷ್ಟು ಮಾತ್ರ ಸರಿದೂಗಿಸತ್ತೆ, ಮಿಕ್ಕ ಶೇಕಡ 5ರಷ್ಟು ನೇರವಾಗಿ ರಿಚ್ ಆಗೋದು. ಆಯಿಲ್ ರೇಷಿಯೋದಿಂದ ಆಗೋದು ಒಂದು ಪರ್ಸೆಂಟು, ಬಿಸಿಲಿಂದ ಆಗಿರೋದು ಐದು. ಹಳೇ ಓನರ್ ಚಳಿಗೆ ಜೆಟ್ ಮಾಡಿಟ್ಟಿದ್ದ ಗಾಡಿ ನೀವು ಈಗ ಸೆಕೇಲಿ ಓಡಿಸ್ತಿದೀರ, ಜೊತೆಗೆ ನಿಧಾನಕ್ಕೆ. ಎತ್ತರದ ಜಾಗಕ್ಕೆ ಹೋದ್ರೂ ಇದೇ ಕಥೆ, ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೆ ಹೋದ್ರೆ ಗಾಳಿ ಹತ್ತತ್ರ ಅಷ್ಟೇ ತೆಳು ಆಗತ್ತೆ.

ಇನ್ನು ರೇಷಿಯೋ ಯಾವುದು ಸರಿ ಅನ್ನೋ ಜಗಳ ಇದೆಯಲ್ಲ, ಅದ್ರಲ್ಲಿ ಟೈಮ್ ಹಾಳು ಮಾಡ್ಬೇಡಿ. ಯಮಹಾದವರು ವೈಝಡ್ ಗಾಡಿಗಳಿಗೆ 30:1 ಹಾಕಿ ಅಂತಾರೆ, ಕೆಟಿಎಂದವರು ಕಾರ್ಬಿನ 250, 300 ಎಂಡ್ಯೂರೋ ಗಾಡಿಗಳಿಗೆ 60:1 ಅಂತಾರೆ, ಒಂದಕ್ಕೊಂದು ಡಬಲ್ ವ್ಯತ್ಯಾಸ, ಎರಡೂ ಪ್ಲಗ್ ಹಾಳಾಗದೇ ಚೆನ್ನಾಗೇ ಓಡ್ತಾವೆ. ನಿಮ್ಮ ಗಾಡಿ ಮ್ಯಾನುಯಲ್ ಏನು ಹೇಳತ್ತೋ ಅದು, ಇಲ್ಲಾಂದ್ರೆ 32 ಇಂದ 40 ಒಳಗೆ ಯಾವುದಾದ್ರೂ ಒಂದು. ಒಂದನ್ನ ಹಿಡ್ಕೊಂಡು ಅದನ್ನ ಬದಲಾಯಿಸದೇ ಇರೋದು ಮುಖ್ಯ, ಯಾಕಂದ್ರೆ ರೇಷಿಯೋ ಬದಲಾದಾಗೆಲ್ಲ ಜೆಟ್ಟಿಂಗೂ ಒಂಚೂರು ಬದಲಾಗತ್ತೆ, ಎರಡನ್ನೂ ಒಟ್ಟಿಗೆ ಅಲ್ಲಾಡಿಸ್ತಾ ಇದ್ರೆ ಯಾವುದ್ರಿಂದ ಏನಾಯ್ತು ಅಂತ ಯಾವತ್ತೂ ಗೊತ್ತಾಗಲ್ಲ. ಅಳತೆ ಪಾತ್ರೇಲಿ ಎಂಎಲ್ ನೋಡಿ ಹಾಕಿ, ಬಾಟಲಿ ಮುಚ್ಚಳದ ಅಂದಾಜಲ್ಲಿ ಬೇಡ. ಕ್ಯಾನಿಗೆ ಸ್ವಲ್ಪ ಪೆಟ್ರೋಲು, ಆಮೇಲೆ ಆಯಿಲ್ಲು, ಚೆನ್ನಾಗಿ ಕುಲುಕಿ, ಆಮೇಲೆ ಮಿಕ್ಕ ಪೆಟ್ರೋಲು. ನೇರ ಟ್ಯಾಂಕಿಗೆ ಎರಡನ್ನೂ ಸುರಿದು ಗಾಡಿ ಅಲ್ಲಾಡ್ಸೋದು ಮಿಕ್ಸಿಂಗ್ ಅಲ್ಲ.

ಆಯಿಲ್ ಯಾವುದು ಅನ್ನೋದು ಮಾತ್ರ ಸ್ವಲ್ಪ ಲೆಕ್ಕಕ್ಕೆ ಬರತ್ತೆ. ಕ್ಯಾಸ್ಟರ್ ಬೆರೆತಿರೋ ರೇಸಿಂಗ್ ಆಯಿಲ್ ಫುಲ್ ಥ್ರಾಟಲ್ಲಲ್ಲಿ ಕೊತಕೊತ ಕುದಿಯೋ ಇಂಜಿನ್ನಿಗೆ ಮಾಡಿರೋದು, ನಿಮ್ಮ ಥರ ನಿಧಾನಕ್ಕೆ ಹೋಗೋರ ಇಂಜಿನ್ನಲ್ಲಿ ಅದು ಸುಡೋದೇ ಇಲ್ಲ, ಹಾಗೇ ಜಮಾ ಆಗತ್ತೆ. ಜಾಸೋ ಎಫ್‌ಡಿ ಅಂತ ಡಬ್ಬಿ ಮೇಲೆ ಬರೆದಿರೋ ಸಿಂಥೆಟಿಕ್ ಆಯಿಲ್ ತಗೊಳ್ಳಿ, ಕಾರ್ಬನ್ ಕಟ್ಟದ ಹಾಗೆ ಕ್ಲೀನ್ ಇಡೋದ್ರಲ್ಲಿ ಆ ದರ್ಜೆಗೆ ಕಟ್ಟುನಿಟ್ಟು ಜಾಸ್ತಿ. ದೋಣಿ ಇಂಜಿನ್ನಿಗೆ ಅಂತ ಬರೋ ಟಿಸಿ-ಡಬ್ಲ್ಯೂ3 ಆಯಿಲ್ ಬೇಡ, ಅದು ತಣ್ಣೀರಲ್ಲಿ ತಣ್ಣಗಿರೋ ಇಂಜಿನ್ನಿಗೆ.

ಈಗ ಪ್ಲಗ್ಗಿಗೆ ಬರೋಣ. ಹೋಗಿರೋ ಪ್ಲಗ್ಗುಗಳನ್ನ ಎಸೀಬೇಡಿ, ಸಾಲಾಗಿ ಇಟ್ಟು ನೋಡಿ, ಅವು ಸಾಕ್ಷಿ. ಒಣಗಿರೋ ಮಸಿ, ಮುಟ್ಟಿದ್ರೆ ಬೆರಳಿಗೆ ಕಾಡಿಗೆ ಥರ ಹತ್ತತ್ತೆ ಅಂದ್ರೆ ಪೆಟ್ರೋಲ್ ಜಾಸ್ತಿ, ಇಲ್ಲಾ ಪ್ಲಗ್ ತೀರಾ ಕೋಲ್ಡು (ಹಾಟ್, ಕೋಲ್ಡ್ ಅಂದ್ರೇನು ಅಂತ ಮುಂದೆ ಹೇಳ್ತೀನಿ), ಇಲ್ಲಾ ಸ್ಪಾರ್ಕ್ ವೀಕು. ಒದ್ದೆಯಾಗಿ ಪೆಟ್ರೋಲ್ ವಾಸ್ನೆ ಹೊಡೀತಿದ್ರೆ ಓವರ್‌ಫ್ಲೋ ಆಗಿದೆ, ಅಥವಾ ಸ್ಪಾರ್ಕೇ ಬರ್ತಿಲ್ಲ. ಮಿರಮಿರ ಹೊಳೆಯೋ ಕಪ್ಪು ಜಿಡ್ಡು, ಒರೆಸಿದ್ರೂ ಹೋಗಲ್ಲ ಅನ್ನೋ ಥರ ಇದ್ರೆ ಸುಡದೇ ಉಳಿದ ಆಯಿಲ್ಲು. ಇಲ್ಲೊಂದು ಮುಖ್ಯ ಕೆಲಸ ಇದೆ, ಆ ಜಿಡ್ಡನ್ನ ಮೂಸಿ ನೋಡಿ. ಟೂ ಸ್ಟ್ರೋಕ್ ಆಯಿಲ್ ವಾಸ್ನೆ ನಿಮಗೆ ಗೊತ್ತಿರತ್ತೆ, ಗೇರ್ ಆಯಿಲ್ ವಾಸ್ನೆ ಬೇರೆ, ಒಂಥರಾ ಕಮಟು. ಗೇರ್ ಆಯಿಲ್ ವಾಸ್ನೆ ಬಂದ್ರೆ ಜೆಟ್ ಗಿಟ್ ಎಲ್ಲ ಬಿಟ್ಟಾಕಿ, ಕ್ಲಚ್ ಕಡೆ ಕ್ರ್ಯಾಂಕ್ ಸೀಲ್ (ಗೇರ್ ಆಯಿಲ್ ಇಂಜಿನ್ ಒಳಗೆ ಬರದ ಹಾಗೆ ತಡೆಯೋ ರಬ್ಬರ್ ರಿಂಗು) ಹೋಗಿದೆ, ಅದರ ವಿಷಯ ಕೊನೇಲಿ ಹೇಳ್ತೀನಿ. ಇನ್ನೊಂದು ಜಾತಿ ಇದೆ, ಎರಡು ಎಲೆಕ್ಟ್ರೋಡ್ ಮಧ್ಯೆ ಕಾರ್ಬನ್ ಚೂರು ಸೇತುವೆ ಥರ ಕೂತಿರತ್ತೆ, ಗಾಡಿ ಚೆನ್ನಾಗಿ ಓಡ್ತಾ ಓಡ್ತಾ ಪಟ್ ಅಂತ ನಿಂತು ಹೋಗತ್ತೆ. ಅದು ಪಿಸ್ಟನ್ ತಲೆ ಮೇಲೋ ಹೆಡ್ಡಲ್ಲೋ ಕಟ್ಟಿರೋ ಕಾರ್ಬನ್ ಕಿತ್ತು ಬಂದಿರೋದು, ಬಹಳ ದಿನ ನಿಧಾನಕ್ಕೆ ಓಡಿಸಿ ಒಂದಿನ ಜೋರಾಗಿ ತಿರುವಿದಾಗ ಆಗೋದು ಜಾಸ್ತಿ.

ಕಪ್ಪಾದ ಪ್ಲಗ್ ಯಾಕೆ ಸಾಯತ್ತೆ ಅಂದ್ರೆ, ಕಾರ್ಬನ್ ಕರೆಂಟ್ ಹರಿಸತ್ತೆ. ಮಧ್ಯದ ಬಿಳೀ ಪಿಂಗಾಣಿ ಮೇಲೆ ಕಾರ್ಬನ್ ಪದರ ಕೂತ್ರೆ ಕರೆಂಟು ಗ್ಯಾಪ್ ಹಾರೋ ಬದ್ಲು ಆ ಪದರದ ಮೇಲೇ ನುಸುಳಿ ಪ್ಲಗ್ಗಿನ ಲೋಹದ ಬಾಡಿಗೆ ಇಳಿದುಬಿಡತ್ತೆ. ಮೀಟರ್ ಇದ್ರೆ ಪ್ಲಗ್ ತಲೆಗೂ ಥ್ರೆಡ್ಡಿಗೂ ಓಮ್ಸ್ ಹಾಕಿ ನೋಡಿ, ಒಳ್ಳೆ ಪ್ಲಗ್ಗಲ್ಲಿ ಏನೂ ತೋರಿಸ್ಬಾರ್ದು, ಕಿಲೋ ಓಮ್ಸ್ ಲೆಕ್ಕದಲ್ಲಿ ರೀಡಿಂಗ್ ಬಂದ್ರೆ ಅದು ಲೀಕ್ ಆಗ್ತಿದೆ. ವೈರ್ ಬ್ರಶ್ಶಲ್ಲಿ ಉಜ್ಜಿ ಮತ್ತೆ ಹಾಕೋ ಅಭ್ಯಾಸ ಬಿಡಿ, ಬ್ರಶ್ಶಿನ ಲೋಹ ಪಿಂಗಾಣಿ ಮೇಲೆ ಗೆರೆ ಎಳೆದು ಅದೇ ಇನ್ನೊಂದು ದಾರಿ ಆಗತ್ತೆ. ಕಾಡಲ್ಲಿ ಸಿಕ್ಕಾಕೊಂಡಾಗ ಮನೆಗೆ ಬರೋಕೆ ಓಕೆ, ಅಷ್ಟೇ. ಒದ್ದೆ ಮಾತ್ರ ಆಗಿರೋ ಪ್ಲಗ್ ಆದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಚೆನ್ನಾಗಿ ಒಣಗಿಸಿ ಹಾಕಿದ್ರೆ ನಡೆಯತ್ತೆ.

ಜೆಟ್ಟಿಗೆ ಕೈ ಹಾಕೋ ಮುಂಚೆ ಒಂದಷ್ಟು ಪುಕ್ಕಟೆ ಕೆಲಸ ಇದೆ, ಇವನ್ನ ಮಾಡದೇ ಜೆಟ್ ತಗೊಂಡು ಬರೋರೇ ಜಾಸ್ತಿ. ಏರ್ ಫಿಲ್ಟರ್ ತೊಳೆದು ಎಷ್ಟು ದಿನ ಆಯ್ತು? ಧೂಳು ಕಟ್ಟಿದ್ರೂ, ಫಿಲ್ಟರ್ ಆಯಿಲ್ ಸುರಿದು ತೊಟ್ಟಿಕ್ಕೋ ಹಾಗೆ ಮಾಡಿದ್ರೂ ಗಾಳಿ ಕಮ್ಮಿ, ಗಾಳಿ ಕಮ್ಮಿ ಅಂದ್ರೆ ರಿಚ್. ಚೋಕ್ ಪೂರ್ತಿ ಕೂರ್ತಿದೆಯಾ ನೋಡಿ, ಪಿಡಬ್ಲ್ಯೂಕೆಲಿ ಚೋಕ್ ಎಳೆದಾಗ ಒಳಗೆ ಒಂದು ಪ್ಲಂಜರ್ ಮೇಲೆ ಏಳತ್ತೆ, ಅದರ ತಳ ಸವೆದಿದ್ರೆ ಅಥವಾ ಕೊಳೆ ಕೂತಿದ್ರೆ ಚೋಕ್ ಆಫ್ ಮಾಡಿದ್ರೂ ಪೆಟ್ರೋಲ್ ಒಳಗೆ ಹೋಗ್ತಾನೇ ಇರತ್ತೆ, ಎಷ್ಟು ಜೆಟ್ ಬದಲಾಯಿಸಿದ್ರೂ ಸರಿ ಹೋಗಲ್ಲ. ಪೆಟ್ರೋಲ್ ಟ್ಯಾಪ್ ಆನ್ ಮಾಡಿ ಗಾಡಿ ನೆಟ್ಟಗೆ ನಿಲ್ಸಿ ಸ್ವಲ್ಪ ಹೊತ್ತು ಬಿಡಿ, ಓವರ್‌ಫ್ಲೋ ಪೈಪಿಂದ ತೊಟ್ಟಿಕ್ಕಿದ್ರೆ ಕಾರ್ಬ್ ತುಂಬಿದಾಗ ಪೆಟ್ರೋಲ್ ನಿಲ್ಲಿಸೋ ಫ್ಲೋಟ್ ನೀಡಲ್ ಕೂರ್ತಿಲ್ಲ, ಇಲ್ಲಾ ಫ್ಲೋಟ್ ಹೈಟ್ ತಪ್ಪಿದೆ. ಹೈಟ್ ಅಳತೆ ಮ್ಯಾನುಯಲ್ಲಲ್ಲಿ ಇರತ್ತೆ. ಕಾರ್ಬ್ ಬಿಚ್ಚಿದಾಗ ನೀಡಲ್ (ಥ್ರಾಟಲ್ ಜೊತೆ ಮೇಲೆ ಕೆಳಗೆ ಹೋಗೋ ಸೂಜಿ) ಹಾಯೋ ನೀಡಲ್ ಜೆಟ್ಟಿನ ಬಾಯಿ ದುಂಡಗಿದೆಯಾ ಅಥವಾ ಸವೆದು ಮೊಟ್ಟೆ ಆಕಾರ ಆಗಿದೆಯಾ ನೋಡಿ, ಹಳೇ ಗಾಡೀಲಿ ನೀಡಲ್ಲು ಒಂದೇ ಕಡೆ ಉಜ್ಜಿ ಉಜ್ಜಿ ಹಾಗಾಗಿರತ್ತೆ, ಆವಾಗ ಅರ್ಧ ಥ್ರಾಟಲ್ಲಿನ ಕೆಳಗೆ ಯಾವಾಗ್ಲೂ ರಿಚ್ಚೇ. ಒಳಗಿರೋ ಜೆಟ್ ನಂಬರ್, ನೀಡಲ್ ಮೇಲಿನ ಕೋಡ್, ನೀಡಲ್ಲಿನ ಕ್ಲಿಪ್ ಯಾವ ಗೆರೇಲಿ ಕೂತಿದೆ, ಎಲ್ಲ ಬರೆದಿಟ್ಕೊಳ್ಳಿ. ಸೆಕೆಂಡ್ ಹ್ಯಾಂಡ್ ಗಾಡಿ ಒಳಗೆ ಏನಿದೆಯೋ ದೇವ್ರಿಗೇ ಗೊತ್ತು.

ಈಗ ಜೆಟ್ಟಿಂಗು. ಕಾರ್ಬಲ್ಲಿ ಯಾವ ಭಾಗ ಕೆಲಸ ಮಾಡತ್ತೆ ಅನ್ನೋದು ಆರ್‌ಪಿಎಂ ಮೇಲಲ್ಲ, ನೀವು ಥ್ರಾಟಲ್ ಎಷ್ಟು ತಿರುಗಿಸಿದೀರ ಅನ್ನೋದ್ರ ಮೇಲೆ. ಪೂರ್ತಿ ಮುಚ್ಚಿರೋದ್ರಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ಟು ಮತ್ತೆ ಏರ್ ಸ್ಕ್ರೂ, ಅಲ್ಲಿಂದ ಕಾಲು ಭಾಗದವರೆಗೆ ಥ್ರಾಟಲ್ ಸ್ಲೈಡಿನ ತಳದ ಓರೆ ಕತ್ತರಿಕೆ ಅಂದ್ರೆ ಸ್ಲೈಡ್ ಕಟ್‌ಅವೇ ಮತ್ತೆ ನೀಡಲ್ಲಿನ ಮೇಲ್ಭಾಗದ ದಪ್ಪ, ಕಾಲರಿಂದ ಮುಕ್ಕಾಲವರೆಗೆ ನೀಡಲ್ಲಿನ ಚೂಪು ಮತ್ತೆ ಕ್ಲಿಪ್ಪು, ಮುಕ್ಕಾಲರಿಂದ ಮೇಲೆ ಮೇನ್ ಜೆಟ್ಟು. ಒಂದರ ಗಡಿ ಇನ್ನೊಂದ್ರ ಮೇಲೆ ಸ್ವಲ್ಪ ಹತ್ತಿರತ್ತೆ, ಆದ್ರೂ ಲೆಕ್ಕ ಇದೇ. ಗ್ರಿಪ್ ಮೇಲೆ ಒಂದು ಟೇಪು, ಥ್ರಾಟಲ್ ಹೌಸಿಂಗ್ ಮೇಲೆ ಕಾಲು, ಅರ್ಧ, ಮುಕ್ಕಾಲಿಗೆ ಗೆರೆ ಹಾಕಿ ಓಡಿಸಿ ನೋಡಿ. ನಾನು ಅರ್ಧ ಥ್ರಾಟಲ್ಲಲ್ಲಿ ಓಡಿಸ್ತೀನಿ ಅನ್ನೋರು ಬಹಳ ಜನ ನಿಜವಾಗಿ ಕಾಲು ಭಾಗಾನೂ ದಾಟಿರಲ್ಲ.

ಅದಕ್ಕೇ ಹೇಳೋದು, ನಿಮ್ಮ ವಿಷಯದಲ್ಲಿ ಮೇನ್ ಜೆಟ್ಟಿನ ತಂಟೆಗೆ ಮೊದ್ಲು ಹೋಗ್ಬೇಡಿ. ಒಂದು ಎರಡನೇ ಗೇರಲ್ಲಿ ಕಾಡಲ್ಲಿ ತೆವಳೋ ಗಾಡಿ ಬಹುತೇಕ ಟೈಮು ಪೈಲಟ್ ಜೆಟ್ಟು ಮತ್ತೆ ನೀಡಲ್ ಮೇಲೇ ಓಡ್ತಿರತ್ತೆ. ಎಲ್ರೂ ಪ್ಲಗ್ ಕಪ್ಪಾಯ್ತು ಅಂದ ತಕ್ಷಣ ಮೇನ್ ಜೆಟ್ ಎರಡು ಸೈಜ್ ಇಳಿಸ್ತಾರೆ, ಕೆಳಗಡೆ ರಿಚ್ ಹಾಗೇ ಇರತ್ತೆ, ಮೇಲ್ಗಡೆ ಲೀನ್ (ಪೆಟ್ರೋಲ್ ಕಮ್ಮಿ) ಆಗಿ ಒಂದಿನ ಉದ್ದ ಏರು ಸಿಕ್ಕಿದಾಗ ಫುಲ್ ತಿರುವಿದ್ರೆ ಪಿಸ್ಟನ್ ಸೀಜ್, ಅಂದ್ರೆ ಬಿಸಿಗೆ ಬೋರಲ್ಲೇ ಕಚ್ಕೊಂಡು ನಿಲ್ಲೋದು. ಪ್ಲಗ್ ಸಮಸ್ಯೆ ಪ್ಲಗ್ ಸಮಸ್ಯೆಯಾಗೇ ಉಳೀತು, ಜೊತೆಗೆ ಬೋರ್ ಕೆಲಸಾನೂ ಬಂತು.

ಪೈಲಟ್ ಸರಿ ಮಾಡೋದು ಹೀಗೆ. ಗಾಡಿ ಚೆನ್ನಾಗಿ ಬಿಸಿ ಆಗ್ಬೇಕು, ಸುಮ್ನೆ ಸ್ಟ್ಯಾಂಡ್ ಹಾಕಿ ಬಿಸಿ ಮಾಡೋದಲ್ಲ, ಓಡಿಸಿ ಬಿಸಿ ಮಾಡಿ. ಐಡಲ್ ಒಂಚೂರು ಮೇಲೆ ಇಟ್ಕೊಳ್ಳಿ. ಏರ್ ಸ್ಕ್ರೂ ಹಗುರವಾಗಿ ಪೂರ್ತಿ ಒಳಗೆ ಕೂರಿಸಿ, ಬಿಗಿ ಮಾಡ್ಬೇಡಿ ತುದಿ ಹಾಳಾಗತ್ತೆ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಈಗ ಕಾಲು ಕಾಲು ಸುತ್ತು ಹೊರಗೂ ಒಳಗೂ ತಿರುಗಿಸ್ತಾ ಐಡಲ್ ಎಲ್ಲಿ ತುಂಬಾ ಮೇಲಕ್ಕೆ ಹೋಗತ್ತೆ ಅಂತ ಕೇಳಿ, ಪ್ರತಿ ಸಲ ತಿರುಗಿಸಿದ ಮೇಲೆ ನಾಲ್ಕೈದು ಸೆಕೆಂಡ್ ಕಾಯಿರಿ ಇಂಜಿನ್ನಿಗೆ ಗೊತ್ತಾಗೋಕೆ ಟೈಮ್ ಬೇಕು. ಆ ಮೇಲಿನ ಜಾಗ ಒಂದು ಸುತ್ತಿಗಿಂತ ಕಮ್ಮೀಲಿ ಬಂದ್ರೆ ಪೈಲಟ್ ಚಿಕ್ಕದಾಗಿದೆ, ದೊಡ್ಡದು ಬೇಕು. ಎರಡೂವರೆ ಸುತ್ತು ದಾಟಿದ ಮೇಲೂ ಐಡಲ್ ಏರ್ತಾನೇ ಇದ್ರೆ ಪೈಲಟ್ ದೊಡ್ಡದಾಗಿದೆ, ಒಂದು ಸೈಜ್ ಇಳಿಸಿ ಮತ್ತೆ ಶುರು ಮಾಡಿ. ನಿಮ್ಮದು ಈ ಎರಡನೇ ಜಾತಿ ಅಂತ ನನ್ನ ಅಂದಾಜು. ಎಷ್ಟು ತಿರುಗಿಸಿದ್ರೂ ಏನೂ ಬದಲಾಗ್ತಿಲ್ಲ ಅಂದ್ರೆ ಪೈಲಟ್ ದಾರಿ ಕಟ್ಟಿಕೊಂಡಿದೆ ಇಲ್ಲಾ ಜೆಟ್ ಸೈಜು ಎಲ್ಲೆಲ್ಲೋ ಇದೆ. ಕೊನೇಲಿ ಐಡಲ್ ಸ್ಕ್ರೂ ಇಳಿಸಿ ಮಾಮೂಲಿಗೆ ತನ್ನಿ.

ಒಂದು ಎಚ್ಚರಿಕೆ. ಸ್ಕ್ರೂ ಕಾರ್ಬಿನ ಫಿಲ್ಟರ್ ಕಡೆ ಇದ್ರೆ ಅದು ಏರ್ ಸ್ಕ್ರೂ, ಹೊರಗೆ ತಿರುಗಿಸಿದ್ರೆ ಗಾಳಿ ಜಾಸ್ತಿ, ಲೀನ್. ಇಂಜಿನ್ ಕಡೆ ಇದ್ರೆ ಅದು ಫ್ಯುಯೆಲ್ ಸ್ಕ್ರೂ, ಅಲ್ಲಿ ಹೊರಗೆ ಅಂದ್ರೆ ರಿಚ್. ನಿಮ್ಮ ಪಿಡಬ್ಲ್ಯೂಕೆಲಿ ಇರೋದು ಏರ್ ಸ್ಕ್ರೂ. ಇದನ್ನ ಉಲ್ಟಾ ತಿಳ್ಕೊಂಡು ದಿನಗಟ್ಟಲೆ ತಲೆ ಕೆಡಿಸಿಕೊಂಡೋರು ಇದ್ದಾರೆ.

ಪೈಲಟ್ ಆದ ಮೇಲೆ ನೀಡಲ್. ಕ್ಲಿಪ್ಪನ್ನ ಮೇಲಿನ ಗೆರೆಗೆ ಹಾಕಿದ್ರೆ ನೀಡಲ್ ಕೆಳಗೆ ಇಳಿಯತ್ತೆ, ಲೀನ್. ಕೆಳಗಿನ ಗೆರೆಗೆ ಹಾಕಿದ್ರೆ ನೀಡಲ್ ಮೇಲೆ ಏಳತ್ತೆ, ರಿಚ್. ಮೂರನೇ ಗೇರಲ್ಲಿ ಕಾಲರಿಂದ ಅರ್ಧ ಥ್ರಾಟಲ್ಲಿಗೆ ಹೋಗುವಾಗ ಬಡಬಡ ಬಡಬಡ ಅಂತ ಒಂದು ಬಿಟ್ಟು ಒಂದು ಹೊಡೆದ ಹಾಗೆ ಮಿಸ್ಸಿಂಗ್ ಬಂದು, ಜೊತೆಗೆ ಹೊಗೆ ದಟ್ಟ ಇದ್ರೆ ರಿಚ್, ಒಂದು ಗೆರೆ ಮೇಲಕ್ಕೆ ಹಾಕಿ. ಥ್ರಾಟಲ್ ಕೊಟ್ಟ ತಕ್ಷಣ ಬ್ವಾ ಅಂತ ಉಸಿರು ಕಟ್ಟಿದ ಹಾಗೆ ಸತ್ತು ಆಮೇಲೆ ಎಗರಿದ್ರೆ ಲೀನ್ ಕಡೆ ಹೋಗಿದೀರ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದು ಬರ್ಕೊಳ್ಳಿ, ಅವತ್ತಿನ ಬಿಸಿಲು ಎಷ್ಟಿತ್ತು ಅಂತಾನೂ ಬರ್ಕೊಳ್ಳಿ. ಮುಂದಿನ ಚಳಿಗೆ ಆ ಚೀಟಿ ಬೇಕಾಗತ್ತೆ, ಯಾಕಂದ್ರೆ ಆವಾಗ ಇದನ್ನೆಲ್ಲ ವಾಪಸ್ ರಿಚ್ ಮಾಡ್ಲೇಬೇಕು, ಮರೆತ್ರೆ ಪ್ಲಗ್ ಅಲ್ಲ ಪಿಸ್ಟನ್ ಹೋಗತ್ತೆ.

ಮೇನ್ ಜೆಟ್ ಕೊನೇಗೆ, ಅದೂ ಪ್ಲಗ್ ಚಾಪ್ ಮಾಡಿ ನೋಡಿ. ಹೊಸ ಪ್ಲಗ್ ಹಾಕಿ, ಸೇಫಾಗಿರೋ ಉದ್ದ ಜಾಗದಲ್ಲಿ ಮೇಲಿನ ಗೇರಲ್ಲಿ ಫುಲ್ ಥ್ರಾಟಲ್ ಎಳೆದು, ಹಾಗೇ ಫುಲ್ಲಲ್ಲಿ ಇರುವಾಗ್ಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ, ಉರುಳ್ಕೊಂಡು ಬಂದು ನಿಲ್ಸಿ ಪ್ಲಗ್ ಬಿಚ್ಚಿ. ಐಡಲ್ಲಲ್ಲಿ ನಿಧಾನಕ್ಕೆ ವಾಪಸ್ ಬಂದು ಬಿಚ್ಚಿದ್ರೆ ನಿಮಗೆ ಕಾಣೋದು ಪೈಲಟ್ ಜೆಟ್ಟಿನ ಬಣ್ಣ, ಮೇನ್ ಜೆಟ್ಟಿಂದಲ್ಲ. ನೋಡ್ಬೇಕಾಗಿರೋದು ತುದಿಯಲ್ಲಲ್ಲ, ಪಿಂಗಾಣಿಯ ಬುಡದಲ್ಲಿ, ಒಳಗಡೆ ಆಳದಲ್ಲಿ ಬರೋ ಉಂಗುರ. ಅಲ್ಲಿ ತೆಳುವಾದ ಕಂದು ಉಂಗುರ ಇದ್ರೆ ಚೆನ್ನಾಗಿದೆ. ತುದಿ ಬಣ್ಣ ನೋಡಿ ಕಾಫಿ ಬಣ್ಣ ಇರ್ಬೇಕು ಅನ್ನೋ ಹಳೇ ಮಾತು ಸೀಸ ಬೆರೆಸ್ತಿದ್ದ ಪೆಟ್ರೋಲಿನ ಕಾಲದ್ದು, ಈಗಿನ ಪೆಟ್ರೋಲಲ್ಲಿ ಸರಿಯಾಗಿರೋ ಪ್ಲಗ್ಗಿನ ತುದೀನೂ ಬಿಳಿಚಿಕೊಂಡೇ ಇರಬಹುದು. ಪಿಂಗಾಣಿ ಮೇಲೆ ಕರಿ ಮೆಣಸಿನ ಪುಡಿ ಉದುರಿದ ಹಾಗೆ ಚುಕ್ಕಿ ಅಥವಾ ಹೊಳೆಯೋ ಅಲ್ಯೂಮಿನಿಯಂ ಕಣ ಕಂಡ್ರೆ ಅಲ್ಲೇ ನಿಲ್ಸಿ, ಡೆಟೋನೇಶನ್ (ಒಳಗೆ ಮಿಕ್ಸ್ ಅಂಕೆ ಮೀರಿ ಸಿಡಿಯೋದು) ಆಗ್ತಿದೆ, ಆ ಕಣ ನಿಮ್ಮ ಪಿಸ್ಟನ್ನಿಂದೇ ಬಂದಿರೋದು.

ಪ್ಲಗ್ಗಿನ ಬಗ್ಗೆ ಕೇಳಿದ್ರಲ್ಲ. ಹಾಟ್, ಕೋಲ್ಡ್ ಅನ್ನೋದು ಪ್ಲಗ್ಗಿನ ತುದಿ ಬಿಸಿಯನ್ನ ಎಷ್ಟು ಬೇಗ ಹೆಡ್ಡಿಗೆ ದಾಟಿಸತ್ತೆ ಅನ್ನೋದು, ಸ್ಪಾರ್ಕಿನ ಬಿಸಿ ಅಲ್ಲ. ತುದಿ ಸುಮಾರು 450 ಡಿಗ್ರಿ ದಾಟಿದ್ರೆ ತನ್ನ ಮೇಲಿನ ಕಾರ್ಬನ್ ತಾನೇ ಸುಟ್ಕೊಳ್ಳತ್ತೆ, 800 ದಾಟಿ ಮೇಲೆ ಹೋದ್ರೆ ಅದೇ ಕೆಂಡ ಆಗಿ ಸ್ಪಾರ್ಕಿಗಿಂತ ಮುಂಚೇನೇ ಬೆಂಕಿ ಹೊತ್ತಿಸಿ ಪಿಸ್ಟನ್ ತೂತು ಮಾಡತ್ತೆ. ನಿಧಾನಕ್ಕೆ ಓಡಿಸುವಾಗ ತುದಿ ಆ 450ಕ್ಕೇ ಹೋಗಲ್ಲ, ಅದಕ್ಕೇ ಮಸಿ. ಎನ್‌ಜಿಕೆಲಿ ನಂಬರ್ ಜಾಸ್ತಿ ಆದಷ್ಟೂ ಕೋಲ್ಡು, ಅಂದ್ರೆ ಬಿಆರ್9ಇಎಸ್ ಗಿಂತ ಬಿಆರ್8ಇಎಸ್ ಹಾಟ್. ಬಾಷ್ ಮತ್ತೆ ಚಾಂಪಿಯನ್ನಲ್ಲಿ ಇದು ಉಲ್ಟಾ, ನಂಬರ್ ಜಾಸ್ತಿ ಆದಷ್ಟೂ ಹಾಟ್, ಬ್ರ್ಯಾಂಡ್ ಬದಲಾಯಿಸುವಾಗ ಚಾರ್ಟ್ ನೋಡದೇ ತಗೋಬೇಡಿ. ಒಂದು ನಂಬರ್ ವ್ಯತ್ಯಾಸಕ್ಕೆ ತುದಿಯ ಬಿಸಿ 70ರಿಂದ 100 ಡಿಗ್ರಿ ಬದಲಾಗತ್ತೆ, ಅದೇನು ಸಣ್ಣದಲ್ಲ.

ನನ್ನ ಅಭಿಪ್ರಾಯ ಏನಂದ್ರೆ ಮೊದ್ಲು ಮ್ಯಾನುಯಲ್ಲಲ್ಲಿ ಹೇಳಿರೋ ನಂಬರ್ರೇ ಹಾಕಿ ಜೆಟ್ಟಿಂಗ್ ಸರಿ ಮಾಡಿ. ಹಳೇ ಓನರ್ ಟ್ರ್ಯಾಕಲ್ಲಿ ಓಡಿಸ್ತಿದ್ದು ಮ್ಯಾನುಯಲ್ಲಿಗಿಂತ ಕೋಲ್ಡ್ ಪ್ಲಗ್ ಹಾಕಿಟ್ಟಿದ್ರೆ ಅದನ್ನ ವಾಪಸ್ ತನ್ನಿ. ಎಲ್ಲ ಸರಿ ಮಾಡಿದ ಮೇಲೂ ನಿಮ್ಮ ನಿಧಾನದ ಓಡಾಟಕ್ಕೆ ಮಸಿ ಕಟ್ತಿದ್ರೆ ಒಂದೇ ಒಂದು ನಂಬರ್ ಹಾಟ್ ಹಾಕ್ಬಹುದು, ಎರಡಲ್ಲ, ಮತ್ತೆ ಜೋರಾಗಿ ಓಡ್ಸೋಕೆ ಹೋಗೋ ದಿನ ವಾಪಸ್ ಹಳೇದು ಹಾಕ್ಲೇಬೇಕು. ರಿಚ್ ಇರೋ ಗಾಡಿಗೆ ಹಾಟ್ ಪ್ಲಗ್ ಹಾಕೋದು ಜ್ವರ ಇದ್ದಾಗ ಥರ್ಮಾಮೀಟರ್ ಬದಲಾಯಿಸಿದ ಹಾಗೆ. ಇರಿಡಿಯಂ ಒಳ್ಳೇ ಪ್ಲಗ್ಗೇ, ತೆಳು ಎಲೆಕ್ಟ್ರೋಡ್ ಇರೋದ್ರಿಂದ ಕಮ್ಮಿ ವೋಲ್ಟೇಜಲ್ಲೇ ಸ್ಪಾರ್ಕ್ ಹಾರತ್ತೆ, ಕೊಳೆ ಸ್ವಲ್ಪ ಜಾಸ್ತಿ ತಡ್ಕೊಳ್ಳತ್ತೆ, ಆದ್ರೆ ಪೆಟ್ರೋಲಲ್ಲಿ ಮುಳುಗಿಸಿದ್ರೆ ಅದೂ ಸಾಯತ್ತೆ, ದುಬಾರಿಯಾಗಿ ಸಾಯತ್ತೆ ಅಷ್ಟೇ. ಟ್ಯೂನಿಂಗ್ ಮುಗಿಯೋವರೆಗೂ ಮಾಮೂಲಿ ಪ್ಲಗ್ ಸಾಕು. ಹೆಸರಲ್ಲಿ ಆರ್ ಅಂತ ಇರೋದು ಒಳಗಿನ ರೆಸಿಸ್ಟರ್, ಮ್ಯಾನುಯಲ್ ಹೇಳಿದ್ರೆ ಅದನ್ನೇ ಹಾಕಿ. ಗ್ಯಾಪ್ ಸಾಮಾನ್ಯ 0.6ರಿಂದ 0.7 ಎಂಎಂ, ಹೊಸ ಪ್ಲಗ್ ಅಂತ ನಂಬ್ಬೇಡಿ ಅಳೆದು ಹಾಕಿ. ಹೊಸ ಪ್ಲಗ್ ಬಿಗಿ ಮಾಡೋದು ಕೈಯಲ್ಲಿ ಕೂರೋವರೆಗೂ ತಿರುಗಿಸಿ ಆಮೇಲೆ ಸ್ಪಾನರಲ್ಲಿ ಅರ್ಧ ಸುತ್ತು ಚಿಲ್ಲರೆ. ಬಿಸಿ ಇಂಜಿನ್ನಲ್ಲಿ ಪ್ಲಗ್ ಒತ್ತಿ ಬಿಚ್ಚಬೇಡಿ ಹೆಡ್ ಅಲ್ಯೂಮಿನಿಯಂ, ಥ್ರೆಡ್ ಕಿತ್ಕೊಂಡು ಬರತ್ತೆ. ಚಾಪ್ ಮಾಡಿದಾಗ್ಲೂ ಸ್ವಲ್ಪ ಆರೋಕೆ ಬಿಡಿ.

ಸ್ಪಾರ್ಕ್ ವೀಕ್ ಇದ್ರೂ ಇದೇ ಥರ ಮಸಿ ಬರತ್ತೆ, ಅದಕ್ಕೆ ಪ್ಲಗ್ ಕ್ಯಾಪ್ ತಿರುಗಿಸಿ ಬಿಚ್ಚಿ, ವೈರಿನ ತುದಿ ಹಸಿರು ಹಿಡಿದಿದ್ರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಿ. ಮ್ಯಾಗ್ನೆಟ್ ಕಾಯಿಲ್ ಬಿಸಿ ಆದ ಮೇಲೆ ವೀಕ್ ಆಗೋದೂ ಇದೆ, ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿ ಆದ್ಮೇಲೆ ಮಾತ್ರ ಪ್ಲಗ್ ಹೋಗ್ತಿದ್ರೆ ರೆಸಿಸ್ಟೆನ್ಸ್ ಚೆಕ್ ಮಾಡ್ಸಿ. ಪ್ಲಗ್ ಹೊರಗೆ ಇಟ್ಟು ಕಿಕ್ ಹೊಡೆದು ನೋಡುವಾಗ ಪ್ಲಗ್ಗಿನ ಬಾಡಿ ಇಂಜಿನ್ನಿಗೆ ತಾಗಿರ್ಲಿ, ಪ್ಲಗ್ ತೂತಿಂದ ದೂರ ಇರ್ಲಿ, ಆ ತೂತಿಂದ ಪೆಟ್ರೋಲ್ ಮಂಜು ಹಾರತ್ತೆ.

ಸೈಲೆನ್ಸರಿಂದ ಸುರಿಯೋ ಜಿಡ್ಡಿನ ಬಗ್ಗೆ. ಅದು ಸುಡದೇ ಉಳಿದ ಪೆಟ್ರೋಲ್ ಮತ್ತೆ ಆಯಿಲ್ಲು, ಎಕ್ಸಾಸ್ಟ್ ಬಿಸಿ ಆಗ್ದೇ ಇರೋದ್ರಿಂದ ಪೈಪಲ್ಲೇ ಜಮಾ ಆಗತ್ತೆ. ಜೆಟ್ಟಿಂಗ್ ಸರಿ ಆದ್ರೂ ಮೊದಲ ಒಂದೆರಡು ಸಲ ಸುರೀಬಹುದು, ಹಳೇದು ಪೈಪಲ್ಲಿ, ಸೈಲೆನ್ಸರ್ ಉಣ್ಣೆಯಲ್ಲಿ ತುಂಬ್ಕೊಂಡಿರತ್ತೆ. ಉಣ್ಣೆ ಪೂರ್ತಿ ನೆನೆದಿದ್ರೆ ಬದಲಾಯಿಸಿ. ಪವರ್ ವಾಲ್ವ್ (ವೇಗಕ್ಕೆ ತಕ್ಕ ಹಾಗೆ ಎಕ್ಸಾಸ್ಟ್ ಬಾಯಿ ದೊಡ್ಡದು ಚಿಕ್ಕದು ಮಾಡೋದು) ಕಾರ್ಬನ್ ಹಿಡಿದು ಅಂಟ್ಕೊಂಡಿದೆಯಾ ಅಂತಾನೂ ಆವಾಗ್ಲೇ ನೋಡಿ, ಅದು ತೆರೆದ ಜಾಗದಲ್ಲೇ ಸಿಕ್ಕಾಕೊಂಡ್ರೆ ಕೆಳಗಿನ ಆರ್‌ಪಿಎಂಲಿ ಸರಿಯಾಗಿ ಸುಡಲ್ಲ. ಓಡ್ಸೋ ರೀತೀಲೂ ಒಂಚೂರು ಬದಲಾವಣೆ ಬೇಕು, ತುಂಬಾ ಹೊತ್ತು ಐಡಲ್ಲಲ್ಲಿ ನಿಲ್ಲಿಸ್ಕೊಂಡು ಹರಟಬೇಡಿ, ಕಿಲ್ ಮಾಡಿ. ಉದ್ದ ಇಳಿಜಾರಲ್ಲಿ ಥ್ರಾಟಲ್ ಮುಚ್ಚಿಕೊಂಡೇ ಇಳಿದ್ರೆ ಕೆಳಗೆ ಬಂದಾಗ ಒಳಗೆ ಹಸಿ ಮಿಕ್ಸ್ ತುಂಬಿರತ್ತೆ, ಮಧ್ಯೆ ಮಧ್ಯೆ ಕ್ಲಚ್ ಹಿಡಿದು ಒಂದೆರಡು ಸಲ ರೈಸ್ ಮಾಡಿ ತೆಗೀರಿ. ಜಾಗ ಸಿಕ್ಕಾಗ ಒಮ್ಮೆ ಚೆನ್ನಾಗಿ ಎಳೀರಿ, ಬಿಸಿ ಆದ ಇಂಜಿನ್ನಲ್ಲಿ ಮಾತ್ರ.

ಗಾಡಿ ಬಿದ್ದು ಓವರ್‌ಫ್ಲೋ ಆದ್ರೆ ಪೆಟ್ರೋಲ್ ಟ್ಯಾಪ್ ಆಫ್ ಮಾಡಿ, ಚೋಕ್ ಆಫ್, ಥ್ರಾಟಲ್ ಪೂರ್ತಿ ತಿರುಗಿಸಿ ಹಿಡ್ಕೊಂಡು ಕಿಕ್ ಹೊಡೀರಿ. ಆಗ್ಲಿಲ್ಲ ಅಂದ್ರೆ ಪ್ಲಗ್ ಬಿಚ್ಚಿ ನಾಲ್ಕೈದು ಕಿಕ್ ಹೊಡೆದು ಒಳಗಿನದ್ದು ಹೊರಗೆ ಹಾಕಿ ಒಣ ಪ್ಲಗ್ ಹಾಕಿ. ಒಂದು ಒಳ್ಳೇ ಪ್ಲಗ್ಗು, ಅದರ ಸ್ಪಾನರು ಯಾವಾಗ್ಲೂ ಜೊತೇಲಿರ್ಲಿ, ಜೆಟ್ಟಿಂಗ್ ಎಷ್ಟೇ ಚೆನ್ನಾಗಿದ್ರೂ.

ಪೆಟ್ರೋಲ್ ಹಳೇದಾಗಿದ್ರೆ ಸ್ಟಾರ್ಟೂ ಸರಿ ಆಗಲ್ಲ, ಸುಡೋದೂ ಸರಿ ಆಗಲ್ಲ. ಮಿಕ್ಸ್ ಮಾಡಿ ತಿಂಗಳುಗಟ್ಟಲೆ ಇಟ್ಟಿದ್ದನ್ನ ಹಾಕ್ಬೇಡಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರ್ಕೊಳ್ಳತ್ತೆ, ಜೊತೆಗೆ ಅದರಲ್ಲಿ ಆಕ್ಸಿಜನ್ ಇರೋದ್ರಿಂದ ಅದೇ ಜೆಟ್ಟಲ್ಲಿ ಸ್ವಲ್ಪ ಲೀನ್ ಓಡತ್ತೆ. ಅದಕ್ಕೇ ಯಾವ ಪೆಟ್ರೋಲ್ ಹಾಕಿ ಜೆಟ್ ಮಾಡ್ತೀರೋ ಅದನ್ನೇ ಹಾಕ್ತಾ ಇರಿ, ಎಥನಾಲ್ ಇಲ್ಲದ್ದರಿಂದ ಇರೋದಕ್ಕೆ ಹೋದ್ರೆ ಮತ್ತೊಮ್ಮೆ ಚೆಕ್ ಮಾಡಿ.

ಇಷ್ಟೆಲ್ಲ ಮಾಡಿಯೂ ಹೊಳೆಯೋ ಜಿಡ್ಡೇ ಬರ್ತಿದ್ರೆ ಆಗ ಕ್ರ್ಯಾಂಕ್ ಸೀಲ್. ಗೇರ್ ಆಯಿಲ್ ಅಳೆದು ಹಾಕಿ, ನಾಲ್ಕೈದು ಸಲ ಓಡಿಸಿದ ಮೇಲೆ ಇಳಿಸಿ ಅಳೆದು ನೋಡಿ, ಹೊರಗೆಲ್ಲೂ ಲೀಕ್ ಇಲ್ದೇ ಕಮ್ಮಿ ಆಗಿದ್ರೆ ಕ್ಲಚ್ ಕಡೆ ಸೀಲಿಂದ ಇಂಜಿನ್ ಅದನ್ನ ಕುಡೀತಿದೆ, ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲಲ್ಲ. ಹೊಗೇಲಿ ಸಿಹಿ ವಾಸ್ನೆ ಬಂದು ಕಮ್ಮಿ ಆಗ್ತಿರೋದು ಕೂಲೆಂಟ್ ಆದ್ರೆ ಅದು ಹೆಡ್ ಗ್ಯಾಸ್ಕೆಟ್ಟು ಅಥವಾ ಓರಿಂಗು. ಮ್ಯಾಗ್ನೆಟ್ ಕಡೆ ಸೀಲ್ ಹೋದ್ರೆ ಉಲ್ಟಾ, ಅಲ್ಲಿಂದ ಗಾಳಿ ನುಗ್ಗಿ ಲೀನ್ ಆಗತ್ತೆ, ಥ್ರಾಟಲ್ ಬಿಟ್ರೂ ಆರ್‌ಪಿಎಂ ತಕ್ಷಣ ಇಳಿಯಲ್ಲ, ಒಂದೊಂದು ಸಲ ತಾನೇ ಏರತ್ತೆ. ಹಾಗೇನಾದ್ರೂ ಕಂಡ್ರೆ ಓಡಿಸ್ಬೇಡಿ, ಪೈಲಟ್ ದೊಡ್ಡದು ಹಾಕಿ ಮುಚ್ಚಿಡೋಕೂ ಹೋಗ್ಬೇಡಿ. ಮೆಕ್ಯಾನಿಕ್ ಹತ್ರ ಪ್ರೆಶರ್ ಟೆಸ್ಟ್ ಮಾಡ್ಸಿ, ಇನ್‌ಟೇಕು ಎಕ್ಸಾಸ್ಟು ಎರಡನ್ನೂ ಬಂದ್ ಮಾಡಿ ಸುಮಾರು 6 ಪಿಎಸ್ಐ ಗಾಳಿ ತುಂಬಿಸಿ ನಿಲ್ಲತ್ತಾ ನೋಡೋದು, ಇಳಿದ್ರೆ ಸೋಪು ನೀರು ಹಚ್ಚಿ ಎಲ್ಲಿ ಗುಳ್ಳೆ ಬರತ್ತೆ ಅಂತ ಹುಡ್ಕೋದು. ಸೀಲ್ ಬದಲಾಯಿಸೋವರೆಗೂ ಜೆಟ್ ಮುಟ್ಟೋದು ವ್ಯರ್ಥ, ಬದಲಾಯಿಸಿದ ಮೇಲೆ ಏರ್ ಸ್ಕ್ರೂ ಇಂದ ಮತ್ತೆ ಶುರು ಮಾಡಿ.